ಕೊರಿಯನ್ ಕಲಿಯೋಕೆ ಪೋಲೆಂಡಿನವರಿಗೆ ಇಂಗ್ಲಿಷ್ ಯಾಕೆ ಬೇಕು?

ಪೋಲೆಂಡಿನಲ್ಲಿ ಕೊರಿಯನ್ ಕಲಿಯುವವರನ್ನ ಹತ್ತಿರದಿಂದ ನೋಡ್ತಾ ಇದ್ದೇನೆ. ಶುರುವಿನಲ್ಲಿ ಎಲ್ಲರೂ ಚುರುಕಾಗಿ ಓಡುತ್ತಾರೆ. ಅಕ್ಷರ ಬರುತ್ತದೆ, ಅಂಗಡಿ ಹೋಟೆಲ್ ಮಾತು ಬರುತ್ತದೆ, ಸೀರಿಯಲ್ ಅರ್ಧಂಬರ್ಧ ಅರ್ಥವಾಗುತ್ತದೆ. ಆಮೇಲೆ ಮಧ್ಯದ ಹಂತಕ್ಕೆ ಬಂದು ಅಲ್ಲೇ ನಿಂತುಬಿಡುತ್ತಾರೆ. ಪುಸ್ತಕ ಓದಬಲ್ಲರು, ಪರೀಕ್ಷೆ ಪಾಸಾಗಬಲ್ಲರು, ಆದರೆ ಎದುರಿಗೆ ಕೊರಿಯಾದವರು ಕೂತು ಸುಮ್ನೆ ಹರಟೆ ಶುರು ಮಾಡಿದರೆ ಬಾಯಿ ಕಟ್ಟುತ್ತದೆ. ಕೊರಿಯನ್ ಕಷ್ಟದ ಭಾಷೆ, ಅದಕ್ಕೇ ಹೀಗೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಇವರು ಕೊರಿಯನ್ ಕಲಿಯುತ್ತಿರುವುದು ಇಂಗ್ಲಿಷ್ ಮೂಲಕ. ತಮ್ಮದೇ ಪೋಲಿಷ್ ಭಾಷೆಯಲ್ಲಿ ಆಗಲೇ ಕೈಯಲ್ಲಿರುವುದನ್ನ ಪಕ್ಕಕ್ಕಿಟ್ಟು, ಅದಿಲ್ಲದ ಭಾಷೆಯ ವಿವರಣೆ ಓದಿ ಗೊಂದಲ ಮಾಡಿಕೊಳ್ಳುತ್ತಿದ್ದಾರೆ.

ನಾನಿರುವುದು ವ್ರೊಟ್ಸ್ವಾಫ್ ಊರಿನಲ್ಲಿ. ಊರ ಹೊರಗೆ ಬಿಸ್ಕುಪಿಟ್ಸೆ ಅನ್ನೋ ಕಡೆ ಎಲ್‌ಜಿಯವರ ದೊಡ್ಡ ಬ್ಯಾಟರಿ ಕಾರ್ಖಾನೆ ಇದೆ. ಅದರ ಸುತ್ತ ಬಿಡಿಭಾಗ ಮಾಡುವ ಕಂಪನಿಗಳಿವೆ. ಹಾಗಾಗಿ ಈ ಊರಲ್ಲಿ ಕೊರಿಯಾದ ಸಂಸಾರಗಳು, ಕೊರಿಯನ್ ಹೋಟೆಲ್, ದಿನಸಿ ಅಂಗಡಿ ಎಲ್ಲ ಇವೆ. 2023ರ ನವೆಂಬರ್‌ನಿಂದ ಇಲ್ಲಿಂದಲೇ ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ಗೆ ನೇರ ವಿಮಾನವೂ ಬಂತು. 2022ರಲ್ಲಿ ಪೋಲೆಂಡ್ ಸರ್ಕಾರ ಕೊರಿಯಾದಿಂದ ಟ್ಯಾಂಕು, ಫಿರಂಗಿ, ಯುದ್ಧವಿಮಾನ ಕೊಳ್ಳೋ ಒಪ್ಪಂದ ಮಾಡಿಕೊಂಡ ಮೇಲಂತೂ ಎರಡೂ ಕಡೆ ಓಡಾಟ ಜಾಸ್ತಿಯೇ ಆಗಿದೆ. ಅಂದರೆ ಇಲ್ಲಿ ಕೊರಿಯನ್ ಕಲಿಯುವವರು ಬರೀ ಹಾಡು, ಡ್ರಾಮಾ ಹುಚ್ಚಿನ ಹುಡುಗ ಹುಡುಗಿಯರಲ್ಲ. ಲೆಕ್ಕಪತ್ರ ನೋಡುವವರು, ಮಾಲು ತರಿಸುವವರು, ಕಾರ್ಖಾನೆಯ ಶಿಫ್ಟ್ ನಡೆಸುವವರು ಕೂಡ ಇದ್ದಾರೆ. ಅವರಿಗೆ ಬೇಕಿರುವುದು ಮಾತು.

ಮೊದಲು ಮರ್ಯಾದೆಯ ವಿಷಯ ತಗೊಳ್ಳಿ. ಇಂಗ್ಲಿಷ್‌ನಲ್ಲಿ ಬರೆದ ಕೊರಿಯನ್ ಪುಸ್ತಕ ತೆಗೆದರೆ ಇದಕ್ಕೆ ಪುಟಗಟ್ಟಲೆ ವಿವರಣೆ ಇರುತ್ತದೆ. ಕೊರಿಯಾದಲ್ಲಿ ದೊಡ್ಡವರನ್ನ ನೀವು ಅಂತ ನೇರವಾಗಿ ಕರೆಯುವುದಿಲ್ಲ, ಹುದ್ದೆ ಹೆಸರಿಡಿದು ಕರೆಯುತ್ತಾರೆ, ಕ್ರಿಯಾಪದದ ಒಳಗೇ ಮರ್ಯಾದೆ ಸೇರಿಸುತ್ತಾರೆ ಅಂತ ಏನೋ ವಿಚಿತ್ರ ಪದ್ಧತಿ ಥರ ಬರೆದಿರುತ್ತಾರೆ. ಇಂಗ್ಲಿಷ್‌ನವರಿಗೆ ವಿಚಿತ್ರವೇ ಇರಬಹುದು. ಆದರೆ ಪೋಲಿಷ್‌ನವರಿಗೆ? ಕ್ರಿಯಾಪದದ ಮರ್ಯಾದೆ ಒಂದು ಬಿಟ್ಟರೆ ಇವರು ದಿನಾ ಮಾಡುವುದೇ ಅದು! ಆಫೀಸಿನಲ್ಲಿ ಮೇಲಿನವರನ್ನ ಊಟ ಆಯ್ತಾ ಅಂತ ಕೇಳಬೇಕಾದರೆ 'ಚಿ ಪಾನಿ ದಿರೆಕ್ತೋರ್ ಯುಷ್ ಯಾದ್ವಾ' ಅನ್ನುತ್ತಾರೆ. ಮುಖಕ್ಕೆ ಮುಖ ಕೊಟ್ಟು ಕೂತಿದ್ದರೂ 'ಡೈರೆಕ್ಟರ್ ಅಮ್ಮನವರು ಊಟ ಮಾಡಿದರಾ' ಅಂತ ಕೇಳಿದ ಹಾಗೆ. ಕೊರಿಯನ್‌ನಲ್ಲಿ 'ಬುಜಾಂಗ್‌ನಿಮ್, ಶಿಕ್ಸಾ ಹಶೊಸ್ಸೊಯೊ', ಅಂದರೆ ವಿಭಾಗದ ಮುಖ್ಯಸ್ಥರೇ, ಊಟ ಮಾಡಿದಿರಾ ಅಂತ. ಅಲ್ಲೂ ಹುದ್ದೆ, ಅಲ್ಲೂ ಮರ್ಯಾದೆ, ಎರಡರಲ್ಲೂ 'ನೀವು' ಇಲ್ಲವೇ ಇಲ್ಲ. ಪೋಲಿಷ್ ವಾಕ್ಯವನ್ನ ಮನಸ್ಸಿನಲ್ಲಿಟ್ಟುಕೊಂಡರೆ ಕೊರಿಯನ್ ವಾಕ್ಯ ತಾನಾಗೇ ಬರುತ್ತದೆ. ಇಂಗ್ಲಿಷ್ ವಾಕ್ಯ ಇಟ್ಟುಕೊಂಡವರು 'ನೀವು' ಹುಡುಕಿಕೊಂಡು ಹೋಗಿ ನಿಘಂಟಿನಲ್ಲಿ 'ದಾಂಗ್‌ಶಿನ್' ಅನ್ನೋ ಶಬ್ದ ಎತ್ತಿಕೊಂಡು ಬರುತ್ತಾರೆ. ಗಂಡ ಹೆಂಡತಿ ನಡುವೆ, ಜಾಹೀರಾತಿನಲ್ಲಿ, ಇಲ್ಲ ಬೀದಿಜಗಳದಲ್ಲಿ ಬರುವ ಆ ಮಾತನ್ನ ಮ್ಯಾನೇಜರ್ ಮೇಲೆ ಹಾಕಿದರೆ ಹೇಗಿರುತ್ತೆ ನೀವೇ ಯೋಚಿಸಿ.

ಇನ್ನೊಂದು. ಪೋಲೆಂಡಿನಲ್ಲಿ ಇಬ್ಬರು ಬಹುವಚನ ಬಿಟ್ಟು ಏಕವಚನಕ್ಕೆ ಬರುವುದು ಒಂದು ಘಟನೆ. ವಯಸ್ಸಿನಲ್ಲೋ ಹುದ್ದೆಯಲ್ಲೋ ದೊಡ್ಡವರೇ ಬಾಯಿಬಿಟ್ಟು ಹೇಳಬೇಕು, ಇನ್ನು ಮೇಲೆ ಹೆಸರಿಡಿದೇ ಕರೆಯೋಣ ಅಂತ. ಹಳೆಯ ಕಾಲದವರು ಕೈಗೆ ಕೈ ಸುತ್ತಿ ಗ್ಲಾಸ್ ಎತ್ತಿ ಅದನ್ನ ಗಟ್ಟಿ ಮಾಡುತ್ತಿದ್ದರು. ಕೊರಿಯಾದಲ್ಲೂ ಹೀಗೇ, ದೊಡ್ಡವರೇ ಅನುಮತಿ ಕೊಡಬೇಕು. ಆದರೆ ಇಲ್ಲೊಂದು ತಿರುವಿದೆ, ಪೋಲೆಂಡಿನವರು ಎಡವುವುದೂ ಇಲ್ಲೇ. ಪೋಲಿಷ್‌ನಲ್ಲಿ ಏಕವಚನಕ್ಕೆ ಬಂದರೆ ಇಬ್ಬರೂ ಬರುತ್ತಾರೆ, ಅಲ್ಲಿಂದ ಸರಿಸಮ. ಕೊರಿಯನ್‌ನಲ್ಲಿ ಒಂದು ವರ್ಷ ದೊಡ್ಡವಳಾದರೂ ಅವಳು ಅಕ್ಕನೇ. ಅವಳು ಏಕವಚನದಲ್ಲಿ ಮಾತಾಡುತ್ತಾಳೆ, ಚಿಕ್ಕವಳು ಎಷ್ಟೋ ದಿನ ಬಹುವಚನದಲ್ಲೇ ಉಳಿಯಬಹುದು, ಏಕವಚನಕ್ಕೆ ಇಳಿದ ಮೇಲೂ ಹೆಸರಿಡಿದು ಕರೆಯುವ ಹಾಗಿಲ್ಲ, 'ಒನ್ನಿ' ಅನ್ನಲೇಬೇಕು. ಪರಿಚಯವಾದ ಹೊಸದರಲ್ಲೇ ಕೊರಿಯಾದವರು ಯಾವ ವರ್ಷ ಹುಟ್ಟಿದ್ದು ಅಂತ ಕೇಳುವುದು ಇದಕ್ಕೇ. ಪೋಲೆಂಡಿನವರಿಗೆ ಇದು ತುಂಬಾ ಖಾಸಗಿ ಪ್ರಶ್ನೆ ಅನ್ನಿಸಿ ಮುಖ ಸಣ್ಣಗಾಗುತ್ತದೆ. ಅಕ್ಕ, ಅಣ್ಣ ಅಂದುಕೊಂಡೇ ಬೆಳೆದ ನಮಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ನನ್ನ ಪೋಲಿಷ್ ಗೆಳತಿಯೊಬ್ಬಳಿದ್ದಾಳೆ, ಬಿಡಿಭಾಗದ ಕಂಪನಿಯೊಂದರಲ್ಲಿ ಕೆಲಸ. ಕೊರಿಯನ್ ಎಷ್ಟು ಬರುತ್ತೆ ಅಂತ ಅಳೆಯುವ ಟೋಪಿಕ್ ಪರೀಕ್ಷೆಯಲ್ಲಿ ನಾಲ್ಕನೇ ಹಂತ ಪಾಸಾಗಿದ್ದಾಳೆ. ಒಂದು ದಿನ ಮಧ್ಯಾಹ್ನ ನಾವು ಊಟಕ್ಕೆ ಕೂತಾಗ ಕೊರಿಯಾದ ಇಂಜಿನಿಯರ್ ಒಬ್ಬರ ಫೋನ್ ಬಂತು. ಇವಳು ಕಿವಿಗೆ ಫೋನಿಟ್ಟು, ಕಣ್ಣು ಮುಚ್ಚಿ, ಒಂದೂ ಮಾತು ತಪ್ಪಬಾರದು ಅಂತ ಉಸಿರು ಬಿಗಿಹಿಡಿದು ಕೇಳುತ್ತಿದ್ದಳು. ಆ ಕಡೆಯವರು ಎರಡು ವಾಕ್ಯ ಹೇಳಿ ನಿಲ್ಲಿಸಿ 'ಯೊಬೊಸೆಯೊ?' ಅಂದರು. ಹಲೋ, ಇದ್ದೀರಾ ಅಂತ. ಇವಳು ಇದ್ದೀನಿ ಅಂದಳು. ಮತ್ತೆ ಎರಡು ವಾಕ್ಯ, ಮತ್ತೆ 'ಯೊಬೊಸೆಯೊ?'. ಕೊನೆಗೆ ಅವರು ಮೇಲ್ ಹಾಕುತ್ತೇನೆ ಅಂತ ಫೋನ್ ಇಟ್ಟರು. ಪಾಪ, ಇವಳಿಗೆ ಎಲ್ಲ ಅರ್ಥವಾಗಿತ್ತು! ಆಗದೇ ಇದ್ದದ್ದು ಹೂಂಗುಟ್ಟುವುದು ಮಾತ್ರ. ಕೊರಿಯನ್ ಮಾತುಕತೆಯಲ್ಲಿ ಕೇಳುವವರು 'ನೇ, ನೇ', 'ಆ, ಕುರೇಯೊ?', 'ಮಜಾಯೊ' ಅಂತ, ಅಂದರೆ ಹೌದು ಹೌದು, ಓ ಹಾಗಾ, ನಿಜ ಅಂತ ಹೂಂಗುಟ್ಟುತ್ತಾ ಇರಬೇಕು. ಇಲ್ಲದಿದ್ದರೆ ಹೇಳುವವರಿಗೆ ಮುಂದಕ್ಕೆ ಹೋಗೋಕೆ ಆಗುವುದಿಲ್ಲ.

ಅದೇ ಊಟದ ಹೊತ್ತಿಗೆ ಅವಳ ಅಮ್ಮನ ಫೋನೂ ಬಂತು. ಆಗ ಕೇಳಬೇಕಿತ್ತು! 'ನೊ... ನೊ... ನೊ ತಾಕ್... ನೊ ದೊಬ್ರಾ...' ಅಂತ ಬಿಡುವಿಲ್ಲದೆ ಹೂಂಗುಟ್ಟಿದಳು. ಪೋಲಿಷ್‌ನ 'ನೊ' ಅಂದರೆ ಬೇಡ ಅಂತಲ್ಲ, ನಮ್ಮ 'ಹೂಂ' ಇದ್ದ ಹಾಗೆ. ಇಷ್ಟು ಚೆನ್ನಾಗಿ ಹೂಂಗುಟ್ಟುವ ಜನ ಕೊರಿಯನ್‌ಗೆ ಬಂದ ತಕ್ಷಣ ಯಾಕೆ ಮೌನ ಆಗುತ್ತಾರೆ? ಯಾಕೆಂದರೆ ಪುಸ್ತಕದಲ್ಲಿ ಇದು ಪಾಠವಲ್ಲ, ಪರೀಕ್ಷೆಯಲ್ಲಿ ಇದಕ್ಕೆ ಅಂಕವಿಲ್ಲ. ಟೋಪಿಕ್‌ನ ಮೂರರಿಂದ ಆರನೇ ಹಂತದ ಪರೀಕ್ಷೆಯಲ್ಲಿ ಕೇಳಿ ಉತ್ತರ ಆರಿಸುವುದಿದೆ, ಓದುವುದಿದೆ, ಪ್ರಬಂಧವಿದೆ. ಮಾತಿಲ್ಲ. ಮಾತಿಗೆ ಬೇರೆ ಪರೀಕ್ಷೆ ಬಂದಿರುವುದೇ 2022ರಲ್ಲಿ. ಪರೀಕ್ಷೆ ಹೇಗೋ ಕಲಿಕೆಯೂ ಹಾಗೆ. ನಾಲ್ಕನೇ ಹಂತ ಪಾಸಾದವರು ಪರಿಸರ ಮಾಲಿನ್ಯದ ಬಗ್ಗೆ ಪ್ರಬಂಧ ಬರೆಯುತ್ತಾರೆ, ನಿನ್ನೆ ಮನೆಗೆ ಬಂದ ಪ್ಲಂಬರ್ ಏನು ಮಾಡಿದ ಅಂತ ಹೇಳೋಕೆ ತಡವರಿಸುತ್ತಾರೆ.

ಈಗ ವಾಕ್ಯದ ಬಾಲಕ್ಕೆ ಬರೋಣ. ನನ್ನ ಪ್ರಕಾರ ಮಧ್ಯದ ಹಂತದ ಇಡೀ ಗುಟ್ಟು ಇರುವುದೇ ಇಲ್ಲಿ. ಕೊರಿಯನ್‌ನಲ್ಲಿ ಹೇಳುವವರ ಮನಸ್ಸು ಕ್ರಿಯಾಪದದ ಕೊನೆಯಲ್ಲಿ ಗೊತ್ತಾಗುತ್ತದೆ. ಬರೀ 'ಪೀ ವಾಯೊ' ಅಂದರೆ ಮಳೆ ಬರ್ತಿದೆ. 'ಪೀ ಓಜಾನಾಯೊ' ಅಂದರೆ ಮಳೆ ಬರ್ತಾ ಇದೆಯಲ್ಲ, ಕಾಣ್ತಾ ಇಲ್ವಾ ಅಂತ. ಇಂಗ್ಲಿಷ್ ಪುಸ್ತಕ ಇದಕ್ಕೆ ಅರ್ಧ ಪುಟ ಟಿಪ್ಪಣಿ ಕೊಡುತ್ತದೆ, ಓದಿದ ಮೇಲೂ ಎಲ್ಲಿ ಬಳಸಬೇಕು ಅಂತ ತಿಳಿಯುವುದಿಲ್ಲ. ಪೋಲಿಷ್‌ನವರಿಗೆ ಒಂದೇ ಶಬ್ದದಲ್ಲಿ ಹೇಳಬಹುದು: 'ಪ್ಶೆಚೆಷ್'. 'ಪ್ಶೆಚೆಷ್ ಪಾದಾ' ಅಂತ ಎಲ್ಲಿ ಹೇಳುತ್ತಾರೋ ಅಲ್ಲೆಲ್ಲ ಹೆಚ್ಚುಕಡಿಮೆ 'ಜಾನಾಯೊ' ಕೂರುತ್ತದೆ. ಅದೇ ಥರ ಯಾರೋ ಹೇಳಿದ್ದನ್ನ ಇನ್ನೊಬ್ಬರಿಗೆ ದಾಟಿಸುವಾಗ ಕೊರಿಯನ್‌ನಲ್ಲಿ 'ದೇಯೊ' ಅಂತ ಕೊನೆಗೆ ಸೇರಿಸಬೇಕು. ನಮ್ಮ 'ಅಂತೆ' ಇದೆಯಲ್ಲ, ಅದೇ. ಆ ಹೋಟೆಲ್ ಮುಚ್ಚಿದರಂತೆ. ಪೋಲಿಷ್‌ನಲ್ಲಿ 'ಪೊದೊಬ್ನೊ' ಅಂತ ಶುರು ಮಾಡಿ ಹೇಳುತ್ತಾರೆ. ಅಲ್ಲಿ ಅದು ಇದ್ದರೂ ಸರಿ, ಬಿಟ್ಟರೂ ಸರಿ. ಕೊರಿಯನ್‌ನಲ್ಲಿ ಬಿಟ್ಟರೆ ನೀವೇ ಹೋಗಿ ನೋಡಿಕೊಂಡು ಬಂದಿದ್ದೀರಿ ಅಂತ ಅರ್ಥವಾಗಿಬಿಡುತ್ತದೆ.

ಪೋಲಿಷ್ ಕೈಕೊಡುವ ಜಾಗಗಳೂ ಇವೆ, ಅದನ್ನೂ ಹೇಳಬೇಕು. ಪೋಲಿಷ್‌ನಲ್ಲಿ ನಾನು, ನೀನು ಅಂತ ಹೇಳದೇ ವಾಕ್ಯ ಮುಗಿಸಬಹುದು, ಕ್ರಿಯಾಪದದಲ್ಲೇ ಯಾರು ಅಂತ ಗೊತ್ತಾಗುತ್ತದೆ. ಕನ್ನಡದಲ್ಲೂ ಅಷ್ಟೇ, 'ಹೋದೆವು' ಅಂದರೆ ನಾವು, 'ಹೋದಳು' ಅಂದರೆ ಅವಳು. ಕೊರಿಯನ್‌ನಲ್ಲೂ ಕರ್ತೃ ಬಿಟ್ಟುಹೋಗುತ್ತದೆ, ಆದರೆ 'ಕಸ್ಸೊಯೊ' ಅಂದರೆ ಹೋದೆ, ಹೋದಳು, ಹೋದರು ಎಲ್ಲವೂ ಹೌದು. ಯಾರು ಹೋದದ್ದು ಅಂತ ಹಿಂದಿನ ಮಾತಿನಿಂದ, ಮರ್ಯಾದೆಯ ಗುರುತಿನಿಂದ, 'ಕೊಡು' ಅನ್ನೋದಕ್ಕೆ ಯಾವ ಕ್ರಿಯಾಪದ ಬಳಸಿದರು ಅನ್ನುವುದರಿಂದ ಹಿಡಿಯಬೇಕು. ಪೋಲೆಂಡಿನವರು ಮಾತಾಡುವಾಗ ಸಲೀಸಾಗಿ ಕರ್ತೃ ಬಿಡುತ್ತಾರೆ, ಕೇಳುವಾಗ ಮೂರನೇ ವಾಕ್ಯಕ್ಕೇ ಯಾರ ಕಥೆ ನಡೀತಿದೆ ಅಂತ ಕಳೆದುಹೋಗುತ್ತಾರೆ. ಇದಕ್ಕೆ ಅಡ್ಡದಾರಿ ಇಲ್ಲ. ಎರಡು ನಿಮಿಷದ ನಿಜವಾದ ಹರಟೆ ತಗೊಂಡು, ಪ್ರತಿ ವಾಕ್ಯಕ್ಕೂ ನಿಲ್ಲಿಸಿ ಯಾರು ಯಾರು ಅಂತ ಬರೆದುಕೊಂಡು ಕೇಳಬೇಕು. ಬೇಜಾರಿನ ಕೆಲಸ, ಆದರೆ ಫಲ ಕೊಡುತ್ತದೆ.

ಉಚ್ಚಾರಣೆಯಲ್ಲೂ ಹೀಗೇ ಎರಡೂ ಮುಖ ಇದೆ. ಕೊರಿಯನ್‌ನ 'ಶಿ', 'ಜಿ', 'ಚಿ' ಪೋಲಿಷ್ ಬಾಯಿಯಲ್ಲಿ ಎಷ್ಟು ಚೆಂದ ಬರುತ್ತದೆ ಅಂದರೆ ಕೊರಿಯಾದವರೇ ತಿರುಗಿ ನೋಡುತ್ತಾರೆ, ಯಾಕೆಂದರೆ ಆ ಮೆದು ಧ್ವನಿಗಳು ಪೋಲಿಷ್‌ನಲ್ಲಿ ಆಗಲೇ ಇವೆ. ಆದರೆ ಚಂದ್ರನಿಗೆ 'ದಾಲ್', ಮಗಳಿಗೆ 'ತ್ತಾಲ್', ಮುಖವಾಡಕ್ಕೆ 'ಥಾಲ್' ಅಂತ ಮೂರು ಇವೆಯಲ್ಲ, ಅಲ್ಲಿ ಪೋಲಿಷ್ ಕಿವಿ ಸೋಲುತ್ತದೆ. ಇವರ ಭಾಷೆಯಲ್ಲಿ ಇರುವುದು ತ, ದ ಎರಡೇ. ಟೀಚರ್ ಬಾಯಿಯ ಮುಂದೆ ಟಿಶ್ಯೂ ಪೇಪರ್ ಹಿಡಿದು ತೋರಿಸುತ್ತಾರೆ, ಉಸಿರು ಜೋರಾದರೆ ಪೇಪರ್ ಅಲ್ಲಾಡುತ್ತದೆ ಅಂತ. ಅದು ಸರಿಯೇ, ಆದರೆ ಈಗಿನ ಸೋಲ್ ಊರಿನ ಯುವಜನ ಮಾತಾಡುವಾಗ 'ದಾಲ್', 'ಥಾಲ್' ನಡುವಿನ ವ್ಯತ್ಯಾಸ ಉಸಿರಿಗಿಂತ ಜಾಸ್ತಿ ಧ್ವನಿಯ ಏರಿಳಿತದಲ್ಲಿದೆ. ಚಂದ್ರ ತಗ್ಗಿನಿಂದ ಶುರುವಾಗುತ್ತಾನೆ, ಮುಖವಾಡ ಎತ್ತರದಿಂದ. ಇದನ್ನ ಒಮ್ಮೆ ಹೇಳಿಕೊಟ್ಟರೆ ಸಾಕು, ಕಿವಿ ಎಲ್ಲಿ ಗಮನ ಕೊಡಬೇಕು ಅಂತ ಗೊತ್ತಾಗುತ್ತದೆ. ಎಷ್ಟೋ ತರಗತಿಗಳಲ್ಲಿ ಹೇಳಿಕೊಡುವುದೇ ಇಲ್ಲ ಅನ್ನೋದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ.

ಈ ಸೀಮೆಗೂ ಕೊರಿಯಾಕ್ಕೂ ಹಳೆಯ ನಂಟಿದೆ. ಕೊರಿಯಾ ಯುದ್ಧ ಮುಗಿದ ಮೇಲೆ, 1953ರಿಂದ 1959ರವರೆಗೆ, ವ್ರೊಟ್ಸ್ವಾಫ್‌ನ ಪಶ್ಚಿಮಕ್ಕಿರುವ ಪ್ವಾಕೊವಿಟ್ಸೆ ಅನ್ನೋ ಹಳ್ಳಿಯಲ್ಲಿ ಉತ್ತರ ಕೊರಿಯಾದಿಂದ ಕಳಿಸಿದ ಸಾವಿರಕ್ಕೂ ಹೆಚ್ಚು ಅನಾಥ ಮಕ್ಕಳನ್ನ ಸಾಕಿದರು. ನೋಡಿಕೊಳ್ಳುತ್ತಿದ್ದ ಪೋಲಿಷ್ ಟೀಚರ್‌ಗಳನ್ನ ಆ ಮಕ್ಕಳು ಅಮ್ಮ, ಅಪ್ಪ ಅಂತಲೇ ಕರೆಯುತ್ತಿದ್ದರು. ಅವರು ಪೋಲಿಷ್ ಕಲಿತದ್ದು ಹಾಗೆ, ಊಟದ ಮನೆಯಲ್ಲಿ, ಆಟದ ಬಯಲಲ್ಲಿ. ವಾಪಸ್ ಹೋದ ಮೇಲೂ ಸ್ವಲ್ಪ ಕಾಲ ಪೋಲಿಷ್‌ನಲ್ಲೇ ಕಾಗದ ಬರೆದರು. ನಡುವೆ ಮೂರನೇ ಭಾಷೆಯೊಂದು ಇರಲೇ ಇಲ್ಲ.

ಈಗ ಆ ಥರ ಕಲಿಯುವ ದಾರಿ ಇದೆಯಾ ಅಂದರೆ ಇದೆ, ಯಾರೂ ಸರಿಯಾಗಿ ಬಳಸುತ್ತಿಲ್ಲ ಅಷ್ಟೇ. ಸೋಲ್‌ನ ಹಾಂಕುಕ್ ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ 1987ರಿಂದ ಪೋಲಿಷ್ ವಿಭಾಗ ಇದೆ. ಪೋಲಿಷ್ ಕಲಿಯುವ ಕೊರಿಯಾದ ಹುಡುಗರು ಇಲ್ಲಿಗೆ ಓದೋಕೂ ಬರುತ್ತಾರೆ. ಕಾರ್ಖಾನೆಯ ಕೆಲಸಕ್ಕೆ ಬಂದ ಕೊರಿಯಾದವರ ಮನೆಯವರಿಗೂ ಪೋಲಿಷ್ ಬೇಕು, ಡಾಕ್ಟರ್ ಹತ್ತಿರ, ಮಕ್ಕಳ ಶಾಲೆಯಲ್ಲಿ ಪರದಾಡುತ್ತಿರುತ್ತಾರೆ. ಅವರ ಜೊತೆ ಅರ್ಧ ಗಂಟೆ ಕೊರಿಯನ್, ಅರ್ಧ ಗಂಟೆ ಪೋಲಿಷ್ ಅಂತ ಕೂತರೆ ಇಬ್ಬರಿಗೂ ಲಾಭ. ಆದರೆ ಏನಾಗುತ್ತೆ ಅಂದರೆ, ಮೊದಲ ಸಲ ತಡವರಿಸಿದ ಕೂಡಲೇ ಇಬ್ಬರೂ ಇಂಗ್ಲಿಷ್‌ಗೆ ಜಾರುತ್ತಾರೆ, ಮತ್ತೆ ವಾಪಸ್ ಬರುವುದೇ ಇಲ್ಲ. ಹಾಗಾಗಿ ಗೆಳತಿಗೆ ನಾನು ಹೇಳಿದ್ದು ಇಷ್ಟೇ: ಇಂಗ್ಲಿಷ್ ಬೇಡ ಅಂತ ಮೊದಲೇ ಮಾತಾಡಿಕೊಂಡು ಕೂರು, ಸಿಕ್ಕಿಬಿದ್ದರೆ ಪೋಲಿಷ್‌ನಲ್ಲಿ ಕೇಳು. ಆ ಕಡೆಯವರಿಗೆ ಬರುವ ಮುರುಕು ಪೋಲಿಷ್‌ನಲ್ಲಿ ಸಿಗುವ ಉತ್ತರ, ಅಚ್ಚುಕಟ್ಟಾದ ಇಂಗ್ಲಿಷ್ ವಿವರಣೆಗಿಂತ ಹತ್ತಿರ ಇರುತ್ತದೆ.

ವಾರ್ಸಾ, ಪೊಜ್ನಾನ್, ವ್ರೊಟ್ಸ್ವಾಫ್ ಮೂರು ಕಡೆಯೂ ವಿಶ್ವವಿದ್ಯಾಲಯಗಳಲ್ಲಿ ಕೊರಿಯನ್ ವಿಭಾಗಗಳಿವೆ. ಅಲ್ಲಿನ ಪೋಲಿಷ್ ಮೇಷ್ಟ್ರುಗಳಿಗೆ ನಾನು ಹೇಳಿದ್ದೆಲ್ಲ ನನಗಿಂತ ನೂರು ಪಾಲು ಚೆನ್ನಾಗಿ ಗೊತ್ತು. ಮಧ್ಯದ ಹಂತದವರಿಗೆ, ಬರೀ ಮಾತಿಗೆ ಅಂತಲೇ, ಪೋಲಿಷ್‌ನಿಂದ ಹೊರಟು ಕೊರಿಯನ್‌ಗೆ ಹೋಗುವ ದಪ್ಪ ಪುಸ್ತಕವೊಂದನ್ನ ಧ್ವನಿಮುದ್ರಣದ ಸಮೇತ ಅವರು ಬರೆಯಬೇಕು. ಹೂಂಗುಟ್ಟುವುದಕ್ಕೇ ಒಂದು ಪೂರ್ತಿ ಅಧ್ಯಾಯ ಇರಲಿ. ಬಂದ ದಿನವೇ ನನ್ನ ಗೆಳತಿಗೆ ಒಂದು ಪ್ರತಿ ಕೊಡಿಸುತ್ತೇನೆ.