ಅಂತಃಪ್ರಜ್ಞೆಯನ್ನು ಹೊರಗಿಡಬೇಡಿ
ತೀರ್ಮಾನಕ್ಕೆ ತರ್ಕ ಒಂದೇ ಸಾಕು, ಒಳಮನಸ್ಸಿನ ಮಾತೂ ಸೌಂದರ್ಯಪ್ರಜ್ಞೆಯೂ ದಾರಿ ತಪ್ಪಿಸುತ್ತವೆ ಎಂದು ನಾನು ಓದಿದ ಒಂದು ಲೇಖನದಲ್ಲಿ ಅದರ ಲೇಖಕರು ಬರೆದಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ನಮ್ಮ ಕಾಸರಗೋಡಿನ ಕಡೆ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುತ್ತಾರೆ. ನಮ್ಮ ತೋಟದ ಸುರಂಗ ತೋಡಿದ ಅಜ್ಜ ಎರಡು ಕೋಲು ಉದ್ದ ಮುಂದೆ ಹೋದಾಗಲೆಲ್ಲ ಮಣ್ಣನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದರು, ಪಿಕ್ಕಾಸಿನ ಸದ್ದಿಗೆ ಕಿವಿ ಕೊಡುತ್ತಿದ್ದರು. ಒಂದು ದಿನ "ಇನ್ನು ಎಡಕ್ಕೆ" ಅಂದರು. ಯಾಕೆಂದು ಕೇಳಿದರೆ ವಿವರಿಸಲು ಅವರಿಗೆ ಬರಲಿಲ್ಲ. ನೀರು ಸಿಕ್ಕಿದ್ದು ಎಡಕ್ಕೇ. ಜೀವಮಾನದ ಕೆಲಸವೆಲ್ಲ ಆ ಒಂದು ಮಾತಿನಲ್ಲಿತ್ತು.

ಹಾಗೆಂದು ಪರೀಕ್ಷೆ ಬಿಡಬೇಕೆಂದಲ್ಲ. 1913ರಲ್ಲಿ ರಾಮಾನುಜನ್ ಇಂಗ್ಲೆಂಡಿನ ಗಣಿತಜ್ಞ ಹಾರ್ಡಿಗೆ ಕಳಿಸಿದ ಹೆಚ್ಚಿನ ಸೂತ್ರಗಳಿಗೆ ಪುರಾವೆಯೇ ಇರಲಿಲ್ಲ. ಆದರೂ ಇದು ದೊಡ್ಡ ಗಣಿತಜ್ಞನ ಕೈ ಎಂದು ಹಾರ್ಡಿ ಗುರುತಿಸಿದರು. ಅದೇ ರಾಮಾನುಜನ್ ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಹೇಳಿದ್ದರಲ್ಲಿ ತಪ್ಪಿತ್ತು, ಅದನ್ನು ಹಿಡಿದದ್ದು ತರ್ಕ.