ಚಂದಾ ಪುಸ್ತಕದ ಮೊದಲ ಸಾಲು

ಮಲೆನಾಡಿನ ಸಾಗರದ ಕಡೆ ಗಣಪತಿ ಚಂದಾ ಎತ್ತುವ ಹುಡುಗರು ಮೊದಲು ಹೋಗುವುದು ಹತ್ತಿರದ ಮನೆಗಲ್ಲ, ದೊಡ್ಡ ಅಡಿಕೆ ತೋಟದವರ ಮನೆಗೆ. ಅವರು ಐದು ಸಾವಿರ ಬರೆದರೆ ಸಾಕು, ಅದೇ ಪುಟ ತೆರೆದು ಮುಂದಿನ ಮನೆಯವರ ಎದುರು ಹಿಡಿಯುತ್ತಾರೆ. ಇನ್ನೂರು ಕೊಡೋಣ ಅಂದುಕೊಂಡವರು ಮುಲಾಜಿಗೆ ಬಿದ್ದು ಐನೂರು ಬರೆಯುತ್ತಾರೆ.

ನಾನಿರುವ ಇಂಗ್ಲೆಂಡಿನಲ್ಲಿ ಹಳ್ಳಿ ದಾರಿಯ ಪಕ್ಕ ಮೊಟ್ಟೆ ಇಟ್ಟು, ದುಡ್ಡಿಗೊಂದು ಡಬ್ಬಿ ಇಟ್ಟಿರುತ್ತಾರೆ. ಕಾಯುವವರು ಯಾರೂ ಇಲ್ಲ. ‘ಇವರದು ಮನಸ್ಸಾಕ್ಷಿ, ನಮ್ಮದು ಬರೀ ಮುಲಾಜು’ ಅಂತ ಇಲ್ಲಿನ ನಮ್ಮವರೇ ಆಡಿಕೊಳ್ಳುವುದುಂಟು. ನನಗೆ ಒಪ್ಪಿಗೆಯಿಲ್ಲ.

ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಟೀ ಕೋಣೆಯಲ್ಲೂ ಇಂಥದೇ ಡಬ್ಬಿ ಇತ್ತು. ಸಂಶೋಧಕರು ಅದರ ದರಪಟ್ಟಿಯ ಮೇಲೆ ಒಂದು ವಾರ ಹೂವಿನ ಚಿತ್ರ, ಇನ್ನೊಂದು ವಾರ ದಿಟ್ಟಿಸುವ ಕಣ್ಣಿನ ಚಿತ್ರ ಹಾಕಿ ನೋಡಿದರು. ಕಣ್ಣಿದ್ದ ವಾರಗಳಲ್ಲಿ ಹೆಚ್ಚುಕಡಿಮೆ ಮೂರು ಪಟ್ಟು ದುಡ್ಡು ಬಿತ್ತು ಅಂತ 2006ರಲ್ಲಿ ಬರೆದರು. ಆಮೇಲಿನ ಎಷ್ಟೋ ಪ್ರಯೋಗಗಳಲ್ಲಿ ಈ ಪ್ರಭಾವ ಕಾಣಲಿಲ್ಲ ಅನ್ನುವುದೂ ನಿಜ. ಕಾಗದದ ಕಣ್ಣಿಗೆ ಎಷ್ಟು ದಿನ ಹೆದರುತ್ತಾರೆ, ಅಲ್ವಾ? ಆದರೆ ಅಮೆರಿಕದ ರೇಡಿಯೋ ಕೇಂದ್ರವೊಂದರ ಪ್ರಯೋಗ ನಮ್ಮ ಹುಡುಗರ ಉಪಾಯವೇ. ದೇಣಿಗೆ ಕೊಡಲು ಫೋನ್ ಮಾಡಿದವರಿಗೆ ‘ಇನ್ನೊಬ್ಬರು 300 ಡಾಲರ್ ಕೊಟ್ಟರು’ ಅಂದಾಗ, ಏನೂ ಹೇಳದೆ ಬಿಟ್ಟಾಗಿನದಕ್ಕಿಂತ ಸರಾಸರಿ ಶೇಕಡಾ 12ರಷ್ಟು ಜಾಸ್ತಿ ಕೊಟ್ಟರು.

ಅಂದರೆ ಮುಲಾಜು ಎಲ್ಲ ಕಡೆಯೂ ಇದೆ. ನಮ್ಮವರು ಅದನ್ನು ಬಚ್ಚಿಡುವುದಿಲ್ಲ, ಜಾತ್ರೆಯ ಮೈಕಿನಲ್ಲೇ ಹೆಸರು, ಮೊತ್ತ ಎರಡನ್ನೂ ಕೂಗುತ್ತಾರೆ. ಈಗಂತೂ ಫೋನಿನಲ್ಲಿ ಸ್ಕ್ಯಾನ್ ಮಾಡಿ ದುಡ್ಡು ಹಾಕಿದರೆ ಸ್ಪೀಕರ್ ಪೆಟ್ಟಿಗೆಯೇ ಮೊತ್ತ ಒದರುತ್ತದೆ. ಹತ್ತು ರೂಪಾಯಿ ಹಾಕುವವರು ಸುತ್ತ ನೋಡಿ ಹಾಕಬೇಕು!

ಮದುವೆಯ ಮುಯ್ಯಿಯ ಬಗ್ಗೆ ನನ್ನ ತಕರಾರಿಲ್ಲ. ಯಾರು ಎಷ್ಟು ಓದಿಸಿದರು ಅಂತ ಬರೆದಿಡುವುದು ನ್ಯಾಯವೇ. ನಾಳೆ ಅವರ ಮನೆ ಮದುವೆಗೆ ಅದು ತಿರುಗಿ ಹೋಗಬೇಕಲ್ಲ. ಚಂದಾ ಹಾಗೆ ತಿರುಗಿ ಬರುವ ದುಡ್ಡಲ್ಲ. ತೋಟದ ಯಜಮಾನರ ಐದು ಸಾವಿರ ಬರೆದ ಪುಟವನ್ನೇ ಅವರಲ್ಲಿ ಅಡಿಕೆಗೊನೆ ಕೊಯ್ಯುವ ಕೂಲಿಯವರ ಮನೆಬಾಗಿಲಿಗೂ ಒಯ್ಯುತ್ತಾರೆ. ಅಲ್ಲಿ ನೂರು ರೂಪಾಯಿ ಬರೆಯುವುದಕ್ಕೂ ನಾಚಿಕೆಪಡುವ ಹಾಗಾಗುತ್ತದೆ. ದಿನಗೂಲಿಯಲ್ಲಿ ಅರ್ಧ ಹೋದರೂ ‘ಇರಲಿ ಬಿಡಿ’ ಅನ್ನುತ್ತಾರೆ.

ದೊಡ್ಡ ತೋಟದವರು ಒಬ್ಬರನ್ನೊಬ್ಬರು ನೋಡಿ ಏರಿಸಿಕೊಳ್ಳಲಿ, ಪೆಂಡಾಲಿನ ಖರ್ಚು ಹುಟ್ಟುತ್ತದೆ. ಕೂಲಿ ಮಾಡುವವರ ಕೇರಿಗೆ ಮಾತ್ರ ಪುಸ್ತಕ ಒಯ್ಯದೆ ಒಂದು ಮುಚ್ಚಿದ ಡಬ್ಬಿ ಒಯ್ಯಿರಿ ಅಂತ ನಮ್ಮೂರ ಹುಡುಗರಿಗೆ ಹೇಳಿದ್ದೇನೆ. ಮೈಕಿನಲ್ಲಿ ಮೊತ್ತ ಬಿಟ್ಟು ಹೆಸರಷ್ಟೇ ಓದಿದರೂ ಆದೀತು.