ಕೊಯ್ದು ಕ್ಲೀನ್ ಮಾಡಿಸ್ಕೊಂಡ್ರೆ ಮುಗೀತಂತೆ!

ಇವತ್ತು ಫಿಸಿಯೋ ರೂಮಿನಲ್ಲಿ ಒಬ್ಬ ಹುಡುಗ. ಹಿಮ್ಮಡಿ ನೋವು, ವ್ಯಾಯಾಮ ಶುರು ಮಾಡಿ ಎರಡೇ ವಾರ. "ಸಾಕಾಯ್ತು ಸಾರ್, ಇದೆಲ್ಲ ಟೈಮ್ ವೇಸ್ಟ್. ಕೊಯ್ದು ಕ್ಲೀನ್ ಮಾಡಿಸ್ಕೊಂಡ್ರೆ ಮುಗೀತು" ಅಂದ. ಮುಗೀತಂತೆ! ಎಂಟು ತಿಂಗಳ ಹಿಂದೆ ಅದನ್ನೇ ಕೊಯ್ಸಿಕೊಂಡ ನಾನು ಅವನ ಪಕ್ಕದಲ್ಲೇ ಗೋಡೆ ಹಿಡಿದು ಹಿಮ್ಮಡಿ ಎತ್ತುತ್ತಿದ್ದೆ.

ನನ್ನದು ಅಕಿಲಿಸ್ ಪುರಾಣ: ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟಿಹಾಕೋ ಹುರಿ, ಅಂದರೆ ಟೆಂಡನ್, ಸವೆದು ಹೋಗಿತ್ತು. ಆದರೆ ಈ 'ಕ್ಲೀನ್' ಅನ್ನೋ ಮಾತು ಕೇಳಿದರೆ ಮೈ ಉರಿಯುತ್ತದೆ. ಅಲ್ಲೇನು ಕೊಳೆ ಕೂತಿರುತ್ತದಾ ಉಜ್ಜಿ ತೊಳೆಯೋಕೆ? ಅದು ಸವೆತ ಮಾರಾಯರೇ. ಬೆಳ್ಳಗೆ ಹೊಳೆಯಬೇಕಾದ ಟೆಂಡನ್ ಬೂದು ಬಣ್ಣಕ್ಕೆ ತಿರುಗಿ, ಎಳೆ ಬಿಟ್ಟ ಹಳೇ ಹಗ್ಗದ ಹಾಗಾಗಿರುತ್ತದೆ. ಕೆಟ್ಟ ಭಾಗ ಕತ್ತರಿಸಿ, ಉಳಿದದ್ದನ್ನು ಹೊಲಿಯುತ್ತಾರೆ. ಅರ್ಧಕ್ಕಿಂತ ಜಾಸ್ತಿ ಹೋಗಿದ್ದರೆ, ಸಾಮಾನ್ಯವಾಗಿ ಕಾಲಿನ ಹೆಬ್ಬೆರಳು ಬಗ್ಗಿಸೋ ಟೆಂಡನ್ನನ್ನೇ ತಂದು ಹಿಮ್ಮಡಿ ಮೂಳೆಗೆ ಕೂರಿಸುತ್ತಾರೆ. ನನಗೆ ಮಾಡಿದ್ದು ಅದೇ. ಈಗ ಹೆಬ್ಬೆರಳ ತುದಿ ಮಡಚು ಅಂದರೆ, ಪಕ್ಕದ ಮನೆಯವರಿಗೆ ಹೇಳಿದ ಹಾಗೆ ಸುಮ್ನೆ ಬಿದ್ದಿರುತ್ತದೆ.

ಅಷ್ಟಾದ ಮೇಲೆ ಊರುಗೋಲು, ಪಾದ ಅಲುಗದಂತೆ ಹಿಡಿಯೋ ಬೂಟು, ಆಮೇಲೆ? ಮತ್ತದೇ ವ್ಯಾಯಾಮ! ತಪ್ಪಿಸಿಕೊಳ್ಳೋಕೆ ಅಂತ ಆಪರೇಷನ್ ಮಾಡಿಸಿದರೂ ಅದು ಬಾಗಿಲಲ್ಲೇ ಕಾಯುತ್ತಿರುತ್ತದೆ.

1998ರಲ್ಲಿ ಸ್ವೀಡನ್ನಿನ ವೈದ್ಯ ಆಲ್ಫ್ರೆಡ್‌ಸನ್ ಮತ್ತು ಸಂಗಡಿಗರು ಈ ವ್ಯಾಯಾಮವನ್ನು ಅಕಿಲಿಸ್ ನೋವಿದ್ದ 15 ಜನರ ಮೇಲೆ ಮಾಡಿ ನೋಡಿದರು. ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸೋದು, ಅಷ್ಟೇ. ದಿನಕ್ಕೆ 180 ಸಲ, 12 ವಾರ. 15 ಜನರೂ ಮತ್ತೆ ಓಡಿದರು. ಎರಡು ವಾರ ಅಲ್ಲ ತಮ್ಮಾ, 12 ವಾರ.

ಹೌದಪ್ಪ, ವ್ಯಾಯಾಮದಿಂದ ಎಲ್ಲರಿಗೂ ಗುಣ ಆಗಲ್ಲ. ಕಾಲಿನ ಒಳಬದಿಯ ಟೆಂಡನ್ ಸವೆದು ಪಾದವೇ ಚಪ್ಪಟೆಯಾದವರಿಗೆ ಕೆಲವೊಮ್ಮೆ ಹಿಮ್ಮಡಿ ಮೂಳೆ ಕೊಯ್ದು ಪಕ್ಕಕ್ಕೆ ಸರಿಸಬೇಕಾಗುತ್ತದೆ. ಅವರ ಕಷ್ಟ ಬೇರೆ. ಎರಡು ವಾರಕ್ಕೆ ಬೇಜಾರಾದವರು ಅವರ ಹೆಸರು ಹೇಳಿಕೊಂಡು ಬರಬೇಡಿ.

ಇಷ್ಟೆಲ್ಲ ಕಿರುಚೋ ನಾನು ಮಾಡಿದ್ದೇನು ಗೊತ್ತಾ? ಆಪರೇಷನ್ನಿಗೆ ಮುಂಚೆ ಇದೇ ವ್ಯಾಯಾಮವನ್ನು ಹನ್ನೊಂದು ದಿನ ಮಾಡಿ ಕೈಬಿಟ್ಟೆ. ಫಿಸಿಯೋ ಕೇಳಿದಾಗಲೆಲ್ಲ "ದಿನಾ ಮಾಡ್ತಿದ್ದೀನಿ ಮೇಡಂ". ಕೊನೆಗೆ ಸರ್ಜನ್ "ಮೂರು ತಿಂಗಳು ಸರಿಯಾಗಿ ಮಾಡಿದ್ರಾ?" ಅಂದಾಗ, ಮುಖ ನೋಡದೆ "ಹೂಂ ಡಾಕ್ಟ್ರೇ" ಅಂದಿದ್ದೆ. ಮಾಡಿದ್ದರೆ ಉಳಿಯುತ್ತಿತ್ತೋ ಏನೋ, ಈಗ ಯಾರನ್ನು ಕೇಳಲಿ?

ಇವತ್ತು ಒಂಟಿ ಕಾಲಲ್ಲಿ ನಾಲ್ಕು ಸಲ ಎತ್ತಿದೆ. ಐದನೆಯದಕ್ಕೆ ಮೀನಖಂಡ ನಡುಗಿ ಕಾಲು ಧೊಪ್ಪನೆ ಕೆಳಗೆ ಬಂತು. ತಿರುಗಿ ನೋಡಿದರೆ ಆ ಹುಡುಗ ಶೂ ಲೇಸ್ ಕಟ್ಟುತ್ತಿದ್ದ. ಅವನ ಮೊದಲ ಸೆಟ್ಟೇ ಮುಗಿದಿರಲಿಲ್ಲ.